ತೋರಿಸುವುದು ಮತ್ತು ಹೇಳುವುದು

ಅಥಣಿ ಸೀಮೆಯಲ್ಲಿ ವೈದ್ಯರ ಬಳಿಗೆ ಹೋಗಿ ಬಂದವರು 'ತೋರಿಸಿಕೊಂಡು ಬಂದೆ' ಎನ್ನುತ್ತಾರೆ. ಔಷಧದ ಮಾತು ಆಮೇಲಿನದು. ರೋಗ ಯಾವುದೆಂದು ತಿಳಿದರೆ ಅರ್ಧ ಗುಣವಾದಂತೆಯೇ ಎಂಬ ನಂಬಿಕೆ ಆ ಒಂದು ಮಾತಿನಲ್ಲಿ ಅಡಗಿದೆ.

ಕಾಣುವುದು, ಮುಟ್ಟುವುದು, ಕೇಳುವುದು: ರೋಗಿಯನ್ನು ಪರೀಕ್ಷಿಸಲು ಈ ಮೂರನ್ನು ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ನಾಡಿ ಹಿಡಿದೊಡನೆ ಮೊನ್ನೆ ಉಂಡದ್ದನ್ನೂ ಹೇಳಿಬಿಡುವ ಪಂಡಿತರ ಕಥೆ ಊರೂರಿಗೂ ಉಂಟಷ್ಟೆ. ಸೋಜಿಗವೆಂದರೆ, ಚರಕ ಸುಶ್ರುತರಾಗಲಿ ವಾಗ್ಭಟನಾಗಲಿ ನಾಡೀಪರೀಕ್ಷೆಯನ್ನು ವಿವರಿಸಿಲ್ಲ. ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಬಹಳ ಈಚಿನದಾದ ಶಾರ್ಙ್ಗಧರ ಸಂಹಿತೆಯಲ್ಲಿ. ಹಳಬರಿಗೆ ನಾಡಿಗಿಂತ ನಾಲಗೆಯೇ ಹೆಚ್ಚು ನೆರವಾಗಿದ್ದಿತು. (12ನೆಯ ಶತಮಾನದಲ್ಲಿ ಕನ್ನಡದಲ್ಲಿ 'ಗೋವೈದ್ಯ' ಬರೆದ ಕೀರ್ತಿವರ್ಮನ ಪಾಡು ಬೇರೆ. ದನವನ್ನು ಏನೆಂದು ಕೇಳುವುದು?)

1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿ ಸುತ್ತಿ, ಒಬ್ಬ ತರುಣಿಯ ಎದೆಗೆ ಇಟ್ಟು ಕಿವಿಗೊಟ್ಟನು. ಸ್ಟೆತೊಸ್ಕೋಪು ಹುಟ್ಟಿದ್ದು ಹೀಗೆ. ರೋಗಿ ಹೇಳದೆಯೇ ಆಕೆಯ ಎದೆ ಹೇಳತೊಡಗಿತು. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲಂತೂ ಎಲುಬೇ ಕಣ್ಣಿಗೆ ಬಿದ್ದಿತು. ಅದಕ್ಕೆ ಒಂದು ವರ್ಷ ಮುಂಚೆ, 1894ರಲ್ಲಿ, ಕೆನಡಾದಲ್ಲಿ ಹುಟ್ಟಿದ ಮಿಶನರಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದಿದ್ದರು. ಐಗಳಿಯಂಥ ಹಳ್ಳಿಗಳ ಜನಕ್ಕೆ 'ದೊಡ್ಡ ದವಾಖಾನಿ' ಎಂದರೆ ಮಿರಜು ಎಂಬ ರೂಢಿ ಬಿದ್ದುಹೋಯಿತು.

1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿದ್ದಿತು. ಅಥಣಿ ಮೈಸೂರು ರಾಜ್ಯಕ್ಕೆ ಬಂತು. ಮಿರಜು ಮುಂಬಯಿಯಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಬೇನೆ ಬಂದವರು ಗಡಿ ನೋಡಲಿಲ್ಲ. ಆದರೆ ವಾಗ್ಭಟನ ಮೂರನೆಯ ಪರೀಕ್ಷೆಗೆ ಭಾಷೆ ಬೇಕು. ಕಣ್ಣಿಗೆ, ಕೈಗೆ, ಯಂತ್ರಕ್ಕೆ ಅದು ಬೇಡ. ನಮ್ಮವರು 'ಹೊಟ್ಟಿ ಕಡೀತೈತಿ' ಎಂದರೆ ಒಂದು, 'ಮುರೀತೈತಿ' ಎಂದರೆ ಇನ್ನೊಂದು, 'ಉಬ್ಬೇತಿ' ಎಂದರೆ ಮತ್ತೊಂದು. ದುಭಾಷಿಯ ಬಾಯಲ್ಲಿ ಮೂರೂ 'ಹೊಟ್ಟೆನೋವು' ಆಗಿಬಿಡಬಹುದು. ಭಾಷೆ ಬಲ್ಲ ವೈದ್ಯರೂ ಈಗ ಎಷ್ಟು ಹೊತ್ತು ಕೇಳುತ್ತಾರೆ? ಚೀಟಿ ಬರೆದು ರಕ್ತಕ್ಕೂ ಫೋಟೋಕ್ಕೂ ಕಳುಹಿಸುವುದು ಸುಲಭ. ಯಂತ್ರವನ್ನು ನಾನು ಹಳಿಯಲಾರೆ. ಎಷ್ಟೋ ಕ್ಷಯರೋಗಿಗಳ ಎದೆಯ ಕಲೆಯನ್ನು ಹೊತ್ತಿಗೆ ಸರಿಯಾಗಿ ತೋರಿಸಿಕೊಟ್ಟಿದ್ದು ಅದೇ.

ಆದರೂ ಸಂಜೆಯ ಬಸ್ಸಿನಲ್ಲಿ ಲಕೋಟೆ ಹಿಡಿದು ಮರಳುವವರ ಮಾತು ಕಿವಿಗೆ ಬೀಳುತ್ತದೆ: 'ಫೋಟೋದಾಗ ಏನೂ ಇಲ್ಲಂತ. ಆದರ ಕಡಿಯೂದು ಬಿಟ್ಟಿಲ್ಲ.'