ಚರ್ಮದಡಿಯ ಗಂಟು: ಸೆಬೇಷಿಯಸ್ ಸಿಸ್ಟಿನ ಕಾರಣಗಳು ಮತ್ತು ಚಿಕಿತ್ಸೆ

ತಲೆ ಬಾಚುವಾಗ ಬಾಚಣಿಗೆಗೆ ತಡೆಯುವ ಸಣ್ಣ ಗಂಟು, ಬೆನ್ನಿನ ಮೇಲೋ ಕಿವಿಯ ಹಿಂದೆಯೋ ಬೆರಳಿಗೆ ಸಿಗುವ ಗೋಲಿಯಂಥ ಉಬ್ಬು - ಇಂಥದನ್ನು ಕಂಡಾಗ ನಮ್ಮಲ್ಲಿ ಕೆಲವರು ಕ್ಯಾನ್ಸರ್ ಇರಬಹುದೆಂದು ಹೆದರಿ ನಿದ್ದೆಗೆಡುತ್ತಾರೆ. ಇನ್ನು ಕೆಲವರು ಮೊಡವೆಯೆಂದು ಬಗೆದು ಹಿಸುಕುತ್ತಾರೆ, ಸೂಜಿಯಿಂದ ಚುಚ್ಚುತ್ತಾರೆ. ಇವೆರಡೂ ಸರಿಯಲ್ಲ. ಇಂಥ ಗಂಟುಗಳಲ್ಲಿ ಅನೇಕವು ಸೆಬೇಷಿಯಸ್ ಸಿಸ್ಟ್ ಎಂದು ರೂಢಿಯಲ್ಲಿ ಕರೆಯಲಾಗುವ, ಪ್ರಾಣಾಪಾಯವಿಲ್ಲದ ಚೀಲಗಳು. ಅವುಗಳ ಸ್ವರೂಪವನ್ನು ತಿಳಿದುಕೊಂಡರೆ ಭಯವೂ ಬೇಡ, ಅವಸರವೂ ಬೇಡ.

ಹೆಸರಿನಲ್ಲೇ ಗೊಂದಲ

ಚರ್ಮವನ್ನು ನುಣುಪಾಗಿಡುವ ಜಿಡ್ಡನ್ನು ಸ್ರವಿಸುವವು ಸೆಬೇಷಿಯಸ್ ಗ್ರಂಥಿಗಳು, ಅಂದರೆ ತೈಲಗ್ರಂಥಿಗಳು. ಈ ಗ್ರಂಥಿಯ ಬಾಯಿ ಕಟ್ಟಿಕೊಂಡು ಗಂಟಾಗುತ್ತದೆ ಎಂದು ಹಿಂದೆ ಭಾವಿಸಲಾಗಿತ್ತು. ಆದರೆ ಬಹುತೇಕ ಗಂಟುಗಳಲ್ಲಿ ಇರುವುದು ಜಿಡ್ಡಲ್ಲ, ಕೆರಾಟಿನ್. ನಮ್ಮ ಉಗುರು, ಕೂದಲುಗಳಲ್ಲಿರುವ ಪ್ರೋಟೀನು ಇದೇ. ಆದ್ದರಿಂದ ವೈದ್ಯರು ಈಗ ಇವುಗಳನ್ನು ಎಪಿಡರ್ಮಾಯ್ಡ್ ಸಿಸ್ಟ್ ಮತ್ತು ಪಿಲಾರ್ ಸಿಸ್ಟ್ ಎಂದು ವಿಂಗಡಿಸುತ್ತಾರೆ. ಮೊದಲನೆಯದು ಮುಖ, ಕುತ್ತಿಗೆ, ಎದೆ, ಬೆನ್ನುಗಳಲ್ಲಿ ಹೆಚ್ಚು. ಎರಡನೆಯದು ಬಹುಮಟ್ಟಿಗೆ ತಲೆಯ ಚರ್ಮದಲ್ಲೇ ಕಾಣುತ್ತದೆ. ನಿಜವಾಗಿ ತೈಲಗ್ರಂಥಿಯಿಂದ ಹುಟ್ಟುವ ಸ್ಟಿಯಾಟೋಸಿಸ್ಟೋಮ ಅಪರೂಪ.

ನಮ್ಮ ಪ್ರಾಚೀನರಿಗೂ ಇಂಥ ಗಂಟುಗಳ ಪರಿಚಯವಿತ್ತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೇದಸ್ಸಿನಿಂದಾಗುವ ಗ್ರಂಥಿಯ ವರ್ಣನೆಯಿದೆ. ಅದು ಒಡೆದಾಗ ಎಳ್ಳಿನ ಹಿಂಡಿಯನ್ನೂ ತುಪ್ಪವನ್ನೂ ಹೋಲುವ ವಸ್ತು ಹೊರಬರುವುದೆಂದು ಅಲ್ಲಿ ಹೇಳಿದೆ. ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜನ ತಲೆಯ ಮೇಲಿನ ಇಂಥದೇ ಗಂಟನ್ನು ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ತೆಗೆದುಹಾಕಿದ. ಬಳಿಕ 1821ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ದೊರೆಯಿತು.

ಕಾರಣಗಳು

ಹೊರಚರ್ಮದ ಜೀವಕೋಶಗಳು ಸದಾ ಸತ್ತು ಉದುರುತ್ತಿರುತ್ತವೆ. ರೋಮಕೂಪದ ಬಾಯಿ ಮುಚ್ಚಿಹೋದರೆ ಅಲ್ಲಿನ ಜೀವಕೋಶಗಳು ಹೊರಬರಲಾರದೆ ಒಳಗೇ ಸೇರುತ್ತಾ ಚೀಲವೊಂದು ರೂಪುಗೊಳ್ಳುತ್ತದೆ. ಚೀಲದ ಗೋಡೆಯೇ ಕೆರಾಟಿನ್ ಅನ್ನು ಉತ್ಪಾದಿಸುವುದರಿಂದ ಗಂಟು ನಿಧಾನವಾಗಿ ಬೆಳೆಯುತ್ತದೆ. ತೀವ್ರವಾದ ಮೊಡವೆ ಇದಕ್ಕೆ ದಾರಿ ಮಾಡಬಹುದು. ಗಾಯವಾದಾಗ ಹೊರಚರ್ಮದ ತುಣುಕು ಒಳಗೆ ಹುದುಗಿ ಉಳಿದರೂ ಗಂಟಾಗಬಹುದು. ಕೂದಲೇ ಇಲ್ಲದ ಅಂಗೈಯಲ್ಲಿ ಗಂಟು ಕಾಣುವುದು ಹೀಗೆಯೇ. ಪಿಲಾರ್ ಸಿಸ್ಟ್ ಅನೇಕ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಇವು ಕೊಳಕಿನಿಂದ ಬರುವವಲ್ಲ, ಒಬ್ಬರಿಂದೊಬ್ಬರಿಗೆ ಅಂಟುವವೂ ಅಲ್ಲ.

ಗುರುತಿಸುವುದು ಹೇಗೆ?

ಗಂಟು ಗುಂಡಗಿದ್ದು ಚರ್ಮಕ್ಕೆ ಅಂಟಿಕೊಂಡಿರುತ್ತದೆ; ಸಾಮಾನ್ಯವಾಗಿ ನೋವಿರುವುದಿಲ್ಲ. ಎಪಿಡರ್ಮಾಯ್ಡ್ ಸಿಸ್ಟಿನ ನಡುವೆ ಹಲವು ವೇಳೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದೇ ಮುಚ್ಚಿಹೋದ ರೋಮಕೂಪದ ಬಾಯಿ. ಇದಕ್ಕೆ ಭಿನ್ನವಾಗಿ ಕೊಬ್ಬಿನ ಗಂಟು, ಅಂದರೆ ಲೈಪೋಮ, ಮೆತ್ತಗಿದ್ದು ಚರ್ಮದಡಿಯಲ್ಲಿ ಬೆರಳಿಗೆ ಜಾರುತ್ತದೆ. ಕುರುವಾದರೋ ಕೆಲವೇ ದಿನಗಳಲ್ಲಿ ಕೆಂಪಾಗಿ, ನೋವಿನೊಡನೆ ಏಳುತ್ತದೆ.

ಹಿಸುಕಬಾರದೇಕೆ?

ಹಿಸುಕಿದಾಗ ಗಿಣ್ಣಿನಂಥ, ದುರ್ವಾಸನೆಯ ವಸ್ತು ಹೊರಬಂದು ಗಂಟು ಕುಗ್ಗಿದಂತೆ ತೋರಬಹುದು. ಆದರೆ ಚೀಲ ಒಳಗೇ ಉಳಿಯುವುದರಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. ಚೀಲ ಚರ್ಮದೊಳಗೇ ಒಡೆದರೆ ಕೆರಾಟಿನ್ ಸುತ್ತಲೂ ಹರಡಿ ಬಾವು, ನೋವು ಉಂಟಾಗುತ್ತವೆ. ಸೋಂಕು ತಗಲಿದರೆ ಕೀವು ಕಟ್ಟುತ್ತದೆ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಇದು ಬೇಗನೆ ಉಲ್ಬಣಿಸಬಹುದು. ಗಂಟಿಗೆ ಸುಣ್ಣ ಬಳಿಯುವ ರೂಢಿಯೂ ಉಂಟು. ಸುಣ್ಣ ಚರ್ಮವನ್ನು ಸುಡುತ್ತದೆಯೇ ಹೊರತು ಚೀಲವನ್ನು ಕರಗಿಸುವುದಿಲ್ಲ. ಮುಲಾಮು, ಮಾತ್ರೆಗಳಿಂದಲೂ ಚೀಲ ಹೋಗದು.

ಚಿಕಿತ್ಸೆ

ತೊಂದರೆ ಕೊಡದ ಸಣ್ಣ ಗಂಟಿಗೆ ಚಿಕಿತ್ಸೆ ಬೇಕಾಗಿಲ್ಲ. ವೈದ್ಯರಿಗೆ ಒಮ್ಮೆ ತೋರಿಸಿ ನಿಶ್ಚಯಿಸಿಕೊಂಡರೆ ಸಾಕು. ಗಂಟು ಬೆಳೆಯುತ್ತಿದ್ದರೆ, ಅಂಗಿಯ ಕೊರಳಪಟ್ಟಿಗೋ ಬಾಚಣಿಗೆಗೋ ತಾಗಿ ನೋಯುತ್ತಿದ್ದರೆ, ಮತ್ತೆ ಮತ್ತೆ ಕೀವಾಗುತ್ತಿದ್ದರೆ ತೆಗೆಸುವುದು ಲೇಸು. ಸಾಮಾನ್ಯವಾಗಿ ಗಂಟಿನ ಸುತ್ತ ಮಾತ್ರ ಅರಿವಳಿಕೆ ಚುಚ್ಚುಮದ್ದು ಕೊಟ್ಟು, ಚರ್ಮವನ್ನು ಸೀಳಿ, ಚೀಲವನ್ನು ಗೋಡೆಸಮೇತ ಹೊರತೆಗೆದು ಹೊಲಿಗೆ ಹಾಕುತ್ತಾರೆ. ಬಹುತೇಕ ಮಂದಿ ಅದೇ ದಿನ ಮನೆಗೆ ಮರಳುತ್ತಾರೆ. 2-3 ಮಿಲಿಮೀಟರಿನಷ್ಟೇ ಸೀಳಿ ಚೀಲವನ್ನು ಎಳೆದು ತೆಗೆಯುವ ವಿಧಾನವೂ ಇದೆ. ಅದರಲ್ಲಿ ಕಲೆ ಕಡಿಮೆ. ಚೀಲದ ಒಂದು ಚೂರು ಉಳಿದರೂ ಗಂಟು ಮರುಕಳಿಸಬಹುದು.

ಕೀವು ತುಂಬಿದ್ದರೆ ಮೊದಲು ಸೀಳಿ ಕೀವನ್ನು ಹೊರಹಾಕುತ್ತಾರೆ. ಬಾವು ಇಳಿದ ಕೆಲವು ವಾರಗಳ ನಂತರ ಚೀಲವನ್ನು ತೆಗೆಯುವುದು ಸಾಮಾನ್ಯ ಕ್ರಮ. ಅನೇಕರು ಕೀವು ಹೋದೊಡನೆ ಗುಣವಾಯಿತೆಂದು ಭಾವಿಸಿ ಈ ಎರಡನೆಯ ಹಂತಕ್ಕೆ ಹೋಗುವುದೇ ಇಲ್ಲ. ಗಂಟು ಮತ್ತೆ ಬಂದಾಗ ವೈದ್ಯರನ್ನು ದೂರುತ್ತಾರೆ! ಸಕ್ಕರೆ ಕಾಯಿಲೆಯುಳ್ಳವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ತಡಮಾಡಬಾರದ ಸಂದರ್ಭಗಳು

ಗಂಟು ಕ್ಯಾನ್ಸರಾಗುವುದು ತೀರಾ ವಿರಳ. ಆದರೂ ಅದು ಶೀಘ್ರವಾಗಿ ಬೆಳೆದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗದಿದ್ದರೆ, ಹುಣ್ಣಾಗಿ ರಕ್ತ ಬಂದರೆ, ತೆಗೆದ ಬಳಿಕ ಅಲ್ಲೇ ಮರಳಿದರೆ ವೈದ್ಯರನ್ನು ಕಾಣಲೇಬೇಕು. ತೆಗೆದ ಭಾಗವನ್ನು ಬಯಾಪ್ಸಿ ಪರೀಕ್ಷೆಗೆ ಕಳುಹಿಸುವುದು ಒಳ್ಳೆಯದು. ಎಳೆಯ ಮಕ್ಕಳ ಮೂಗಿನ ಬುಡದಲ್ಲಿ ಅಥವಾ ತಲೆಯ ನಡುರೇಖೆಯಲ್ಲಿ ಹುಟ್ಟಿನಿಂದ ಇರುವ ಗಂಟು ಒಳಗೆ ಮಿದುಳಿನ ಪೊರೆಯವರೆಗೂ ಸಂಪರ್ಕ ಹೊಂದಿರಬಹುದು. ಸ್ಕ್ಯಾನ್ ಇಲ್ಲದೆ ಅದನ್ನು ಮುಟ್ಟಬಾರದು. ಕಿರಿಯ ವಯಸ್ಸಿನಲ್ಲೇ ಮೈಮೇಲೆ ಅನೇಕ ಎಪಿಡರ್ಮಾಯ್ಡ್ ಸಿಸ್ಟುಗಳೆದ್ದು, ಕುಟುಂಬದಲ್ಲಿ ದೊಡ್ಡಕರುಳಿನ ಕಾಯಿಲೆಯಿದ್ದರೆ ಗಾರ್ಡ್‌ನರ್ ಸಿಂಡ್ರೋಮ್ ಎಂಬ ವಂಶವಾಹಿ ರೋಗವನ್ನು ಶಂಕಿಸಬೇಕಾಗುತ್ತದೆ.

ಹಿಸುಕುವ ಕೈಯನ್ನು ತಡೆದು ಒಮ್ಮೆ ವೈದ್ಯರಿಗೆ ತೋರಿಸಿದರೆ, ಸಣ್ಣದರಲ್ಲೇ ಮುಗಿಯುವ ತೊಂದರೆಯನ್ನು ನಾವೇ ದೊಡ್ಡದು ಮಾಡಿಕೊಳ್ಳುವುದು ತಪ್ಪುತ್ತದೆ.