ಸರ್ಪಗಂಧದ ಬೇರು

ಉನ್ಮಾದಕ್ಕೂ ಅನಿದ್ರೆಗೂ ಸರ್ಪಗಂಧದ ಬೇರನ್ನು ಕೊಡುವ ವಾಡಿಕೆಯು ಭರತಖಂಡದಲ್ಲಿ ಬಹುಕಾಲದಿಂದ ನಡೆದುಬಂದುದಾಗಿದೆ. ಇಂತಹ ದೇಶೀಯ ಮೂಲಿಕೆಗಳನ್ನು ನೂತನ ರಸಾಯನಶಾಸ್ತ್ರದಿಂದ ಶೋಧಿಸಬೇಕೆಂದೆಣಿಸಿದ ದೆಹಲಿಯ ಹಕೀಮ ಅಜ್ಮಲ್ ಖಾನರು, ಫ್ರಾಂಕ್‌ಫರ್ಟಿನಲ್ಲಿ ವ್ಯಾಸಂಗಮಾಡಿದ ಸಲೀಮುಜ್ಜಮಾನ್ ಸಿದ್ದೀಕಿಯವರನ್ನು ತಮ್ಮ ತಿಬ್ಬಿಯಾ ಕಾಲೇಜಿಗೆ ಬರಮಾಡಿಕೊಂಡರು. ಆದರೆ ಫಲವನ್ನು ಕಾಣುವ ಭಾಗ್ಯ ಹಕೀಮರಿಗಿರಲಿಲ್ಲ. 1927ರಲ್ಲಿಯೇ ಅವರು ದಿವಂಗತರಾದರು.

1931ರಲ್ಲಿ ಸಿದ್ದೀಕಿಯವರು ಆ ಬೇರಿನಿಂದ ಐದು ಕ್ಷಾರಸತ್ತ್ವಗಳನ್ನು ಬೇರ್ಪಡಿಸಿದರು. ಮೂರು ಬಿಳಿಯ ಹರಳುಗಳು, ಎರಡು ಹಳದಿಯವು. ಬಿಳಿಯವುಗಳಲ್ಲಿ ಮೊದಲನೆಯದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಗುರುದಕ್ಷಿಣೆಯನ್ನು ಹೀಗೂ ಸಲ್ಲಿಸಬಹುದಷ್ಟೆ!

ಅದೇ ವರ್ಷ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು, ಈ ಬೇರು ಉನ್ಮಾದವನ್ನಲ್ಲದೆ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದರು. ವಿಚಿತ್ರವೇನೆಂದರೆ, ಮನಸ್ಸನ್ನು ಶಾಂತಗೊಳಿಸುವ ಮುಖ್ಯಸತ್ತ್ವವು ದೆಹಲಿಯ ಆ ಐದು ಹರಳುಗಳಲ್ಲಿ ಸೇರಿರಲಿಲ್ಲ. ರಾಳದಂತಹ ಅಂಶದಲ್ಲಿ ಅಡಗಿದ್ದ ಅದನ್ನು, ರಿಸರ್ಪಿನ್ ಎಂಬ ಹೆಸರಿನಿಂದ, 1952ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮ್ಯುಲ್ಲರ್, ಶ್ಲಿಟ್ಲರ್, ಬೈನ್ ಎಂಬುವರು ಹೊರತೆಗೆದರು. ಕೀರ್ತಿಯೂ ವ್ಯಾಪಾರವೂ ಅತ್ತ ಹರಿದುವು.

ಹಕೀಮರ ಹೆಸರನ್ನು ಹೊತ್ತ ಅಜ್ಮಲೀನನ್ನು, ಹೃದಯದ ಬಡಿತದಲ್ಲಿ ಗುಪ್ತವಾಗಿರುವ ಒಂದು ದೋಷವನ್ನು ಪತ್ತೆಹಚ್ಚಲು ವೈದ್ಯರು ಇಂದಿಗೂ ಬಳಸುತ್ತಾರೆ.