ದಿವಾಳಿಯ ದಫ್ತರು

ಪರರ ಮನೆಯ ಕಷ್ಟದ ಮಾತು ಬಂದಾಗ ನಮ್ಮ ದನಿ ತಾನಾಗಿ ತಗ್ಗುತ್ತದೆ. ರೋಗದ ಸುದ್ದಿಯನ್ನಾದರೂ ಗಟ್ಟಿಯಾಗಿ ಆಡುತ್ತೇವೆ. “ಅವರು ದಿವಾಳಿ ಎದ್ದರಂತೆ” ಎಂಬುದನ್ನು ಮಾತ್ರ ಕಿವಿಯಲ್ಲಿ ಹೇಳುತ್ತೇವೆ. ಹಿಂದಿನ ಕಾಲದಲ್ಲಿ ವ್ಯಾಪಾರ ಮುರಿದುಬಿದ್ದವನು ಹಾಡಹಗಲಿನಲ್ಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನೆಂದೂ ದಿವಾಳಿ ಎಂಬ ಮಾತು ಅದರಿಂದಲೇ ಬಂತೆಂದೂ ಒಂದು ಹೇಳಿಕೆಯುಂಟು. ಹೇಳಿಕೆ ದಿಟವೋ ಅಲ್ಲವೋ, ಅದರ ತಿರುಳು ಮಾತ್ರ ಕಾಯಿದೆಯ ತಿರುಳೇ ಆಗಿದೆ: ದಿವಾಳಿ ಎನ್ನುವುದು ಗುಟ್ಟಿನಲ್ಲಿ ನಡೆಯತಕ್ಕದ್ದಲ್ಲ, ಊರಿಗೆ ತಿಳಿಯುವಂತೆ ನಡೆಯತಕ್ಕದ್ದು. ಮನೆಯವರು ಮುಚ್ಚಿಟ್ಟ ಸಂಗತಿಯನ್ನು ಸರ್ಕಾರ ಗೆಜೆಟಿನಲ್ಲಿ ಅಚ್ಚು ಹಾಕಿಸುತ್ತದೆ.

ಈ ಕಾಗದಗಳು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಹೊಲ ಕೊಳ್ಳುವವರಿಗೆ ಬೇಕು. ಮಾರುವವನ ಅಜ್ಜನ ಕಾಲದಲ್ಲಿ ಆ ಹೊಲದ ಗತಿ ಏನಾಗಿತ್ತೆಂದು ತಿಳಿಯಬೇಕಲ್ಲವೆ? ಚರಿತ್ರೆ ಬರೆಯುವವರಿಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, “ನಿಮ್ಮ ಅಜ್ಜ ದಿವಾಳಿಕೋರ” ಎಂಬ ಮಾತನ್ನು ಎರಡು ತಲೆಮಾರಿನಿಂದ ಕೇಳುತ್ತ ಬಂದ ಮನೆಯವರಿಗೆ ಬೇಕು. ಅದೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಚಿಂತಾಕಿ ಎಂಬ ಹೋಬಳಿ ಊರಿದೆ. ಜೋಳ, ತೊಗರಿ, ಉದ್ದು, ಹೆಸರುಗಳ ಸೀಮೆ. ಮಳೆ ಕೈಕೊಟ್ಟರೆ ಎಲ್ಲವೂ ಕೈಕೊಟ್ಟಂತೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುವ ನಾಡು. ಈ ಊರಿನಲ್ಲಿ 1940ರ ಸುಮಾರಿಗೆ ಒಬ್ಬ ಬಟ್ಟೆ ವ್ಯಾಪಾರಿ ಇದ್ದನೆಂದು ಭಾವಿಸಿಕೊಳ್ಳಿ. ರೈತರಿಗೆ ಕಡ ಕೊಟ್ಟ, ತಾನೂ ದೊಡ್ಡ ಪೇಟೆಯಲ್ಲಿ ಕಡ ತಂದ. ಬೆಳೆ ಹೋಯಿತು, ರೈತರು ಕೊಡಲಿಲ್ಲ, ಅಂಗಡಿ ಮುಚ್ಚಿತು. ಅವನ ಹೆಜ್ಜೆಗುರುತನ್ನು ಇಂದು ಹುಡುಕಲು ಹೊರಟರೆ ಏನೇನು ಅಡ್ಡಬರುತ್ತದೆ?

ಮೊದಲನೆಯದು ರಾಜ್ಯ. ಬೀದರವು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಶಾಸನಗಳು, ತನ್ನದೇ ಅದಾಲತ್ತುಗಳು, ತನ್ನದೇ ಹೈಕೋರ್ಟು. ಬ್ರಿಟಿಷರ ಪ್ರಾಂತಗಳ ಕಾಯಿದೆ ಅಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಎರಡನೆಯದು ಭಾಷೆ. 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಅಲ್ಲಿನ ಕಚೇರಿಯ ಭಾಷೆಯಾಯಿತು. ಚಿಂತಾಕಿಯವನು ಕನ್ನಡದಲ್ಲಿ ಅತ್ತರೂ ಅವನ ಅಳಲು ಕಾಗದದ ಮೇಲೆ ಉರ್ದುವಿನಲ್ಲೇ ಇಳಿಯುತ್ತಿತ್ತು.

ಮೂರನೆಯದು ಕಾಲದ ಲೆಕ್ಕ. ಕಾಗದದಲ್ಲಿ ಇಸವಿ ಇರುವುದಿಲ್ಲ, ಫಸಲಿ ಇರುತ್ತದೆ. ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ, ಆಜರ್ ಎಂಬ ತಿಂಗಳಿನಿಂದ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. 1349 ಫಸಲಿ ಎಂದರೆ 1939ರ ಅಕ್ಟೋಬರಿನಿಂದ 1940ರ ಅಕ್ಟೋಬರಿನವರೆಗೆ. ನಾಲ್ಕನೆಯದು ಹಣ. ಸಂಸ್ಥಾನದ ರೂಪಾಯಿ ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ್. ಸುಮಾರಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡು ಕೂಡಿಸಿದರೆ ಸತ್ತವನ ಸಾಲ ನಮ್ಮ ಕೈಯಲ್ಲಿ ಮತ್ತಷ್ಟು ಬೆಳೆದೀತು!

ಆ ವ್ಯಾಪಾರಿಗೆ ಕಡ ಹಿಂದಿರುಗಿಸದ ರೈತರ ಕಾಗದ ಎಲ್ಲಿದೆ? ಅವರ ಹೆಸರು ದಿವಾಳಿಯ ದಫ್ತರಿನಲ್ಲಿ ಸಿಗುವುದು ಅಪರೂಪ. ವಕೀಲರನ್ನಿಟ್ಟು ಜಿಲ್ಲಾ ಅದಾಲತ್ತಿಗೆ ಹೋಗುವ ಶಕ್ತಿ ಅವರಿಗೆಲ್ಲಿತ್ತು? ಅವರ ಸಾಲ ಸಾಹುಕಾರನ ಖಾತೆಯಲ್ಲಿ ಬೆಳೆದು, ಅಡವಿನ ಪತ್ರವಾಗಿ, ಕಡೆಗೆ ಕ್ರಯಪತ್ರವಾಗಿ ಮುಗಿಯುತ್ತಿತ್ತು. ಆದ್ದರಿಂದ ದಿವಾಳಿಯ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಆ ಮನೆ ಸುಖದಲ್ಲಿತ್ತೆಂದು ತಿಳಿಯಬಾರದು.

ನೆರೆಯ ಮುಂಬಯಿ ಪ್ರಾಂತದಲ್ಲಿ ಈ ಸಂಕಟ ಒಮ್ಮೆ ಬೆಂಕಿಯಾಗಿಯೇ ಹೊತ್ತಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಗಲಭೆ ಅಹಮದನಗರದ ಕಡೆಗೂ ಹಬ್ಬಿತು. ಕಾಗದ ಉರಿದರೆ ಸಾಲ ಉರಿದಂತೆ ಎಂಬುದು ಅವರ ಎಣಿಕೆ. ಸರ್ಕಾರ ಕಂಡುಕೊಂಡ ಮದ್ದು ಇದಕ್ಕೆ ತಿರುಗುಮುರುಗು: ಇನ್ನಷ್ಟು ಕಾಗದ! 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ಪುಣೆ, ಸಾತಾರೆ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಬಂತು. ಪತ್ರಗಳನ್ನು ಊರಿನ ರಿಜಿಸ್ಟ್ರಾರನ ಎದುರಿಗೆ ಬರೆಯಿಸಬೇಕು, ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು ಎಂದಿತು. ಸಾಲದಲ್ಲಿ ಮುಳುಗಿದ ರೈತನೂ ದಿವಾಳಿ ಅರ್ಜಿ ಹಾಕಬಹುದೆಂದಿತು. ಬಡವನಿಗೆ ಕಾಗದ ಶತ್ರುವಾಗುವುದು ಅದು ಸಾಹುಕಾರನ ಬಳಿ ಮಾತ್ರ ಇದ್ದಾಗ. ಸಾರ್ವಜನಿಕ ದಫ್ತರಿನಲ್ಲಿದ್ದರೆ ಅದೇ ಸಾಕ್ಷಿಯಾಗುತ್ತದೆ.

ಹೈದರಾಬಾದಿನಲ್ಲಿ ಇಂಥ ಎಚ್ಚರ ತಡವಾಗಿ ಬಂತು. 1929-30ರಲ್ಲಿ ಎಸ್. ಕೇಶವ ಅಯ್ಯಂಗಾರರು ಸಂಸ್ಥಾನದ ಹಳ್ಳಿಗಳ ಆರ್ಥಿಕ ಸ್ಥಿತಿಯ ತನಿಖೆ ನಡೆಸಿದರು. 1349 ಫಸಲಿಯಲ್ಲಿ ಲೇವಾದೇವಿಗಾರರ ಕಾಯಿದೆ ಬಂತು. 1956ರಲ್ಲಿ, ರಾಜ್ಯ ಒಡೆಯುವ ಹೊತ್ತಿಗೆ, ರೈತ ಸಾಲಗಾರರ ಪರಿಹಾರ ಕಾಯಿದೆಯಾಯಿತು. ಅದೇ ವರ್ಷದ ನವೆಂಬರ್ 1ರಂದು ಬೀದರ ಜಿಲ್ಲೆಯೇ ಮೂರು ಪಾಲಾಯಿತು: ಉದಗಿರ, ನಿಲಂಗಾ, ಅಹಮದಪುರಗಳು ಮುಂಬಯಿಗೆ, ನಾರಾಯಣಖೇಡ, ಜಹೀರಾಬಾದುಗಳು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ. ಚಿಂತಾಕಿಯ ವ್ಯಾಪಾರಿಯ ಸಾಲ ಉದಗಿರದ ಪೇಟೆಯಲ್ಲಿದ್ದಿದ್ದರೆ ಅವನ ಕಥೆಯ ಅರ್ಧ ಇಂದು ಮಹಾರಾಷ್ಟ್ರದಲ್ಲಿರುತ್ತದೆ.

ಇನ್ನು ಕಡತದೊಳಗೆ ಏನಿರುತ್ತದೆಂದು ನೋಡೋಣ. ಏಕೀಕರಣದ ಮೇಲೆ ಈ ಭಾಗಕ್ಕೂ ಬಂದ 1920ರ ಪ್ರಾಂತೀಯ ದಿವಾಳಿ ಕಾಯಿದೆಯನ್ನೇ ಮಾದರಿಯಾಗಿ ಹಿಡಿಯಬಹುದು. ಮೂಲ ಕಾಯಿದೆಯಲ್ಲಿ ಸಾಲ 500 ರೂಪಾಯಿ ಮುಟ್ಟಿದ್ದರೆ ಸಾಲಗಾರನೇ ಅರ್ಜಿ ಹಾಕಬಹುದು. ಸಾಲ ಕೊಟ್ಟವರೂ ಹಾಕಬಹುದು. ಅರ್ಜಿಯ ಜೊತೆಗೆ ಯಾರಿಗೆ ಎಷ್ಟು ಕೊಡಬೇಕು, ತನ್ನದೆಂಬ ಆಸ್ತಿ ಏನು ಎಂಬ ಪಟ್ಟಿ. ಆಮೇಲೆ ವಿಚಾರಣೆಯ ನೋಟೀಸು, ದಿವಾಳಿಯೆಂದು ಸಾರುವ ಆಜ್ಞೆ, ಗೆಜೆಟಿನ ಪ್ರಕಟಣೆ. ಆಸ್ತಿ ಅದಾಲತ್ತಿನ ಇಲ್ಲವೆ ರಿಸೀವರನ ವಶಕ್ಕೆ ಹೋಗುತ್ತದೆ. ಎಲ್ಲವೂ ಅಲ್ಲ: ಉಟ್ಟ ಬಟ್ಟೆ, ಅಡಿಗೆಯ ಪಾತ್ರೆ, ಕಸಬಿನ ಸಲಕರಣೆ, ಉಳುವವನ ಎತ್ತು ಮತ್ತು ಬೀಜದ ಕಾಳು, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಇವನ್ನು ಮುಟ್ಟುವಂತಿಲ್ಲ. ಒಂದು ಮನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಇಷ್ಟು ವಿವರವಾಗಿ ಹೇಳುವ ಬೇರೆ ಕಾಗದ ಹಳ್ಳಿಯ ಚರಿತ್ರೆಯಲ್ಲಿ ವಿರಳ.

ಹುಡುಕುವ ಕ್ರಮ ಹೀಗೆ. ದಿವಾಳಿ ಅರ್ಜಿಗಳು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಸೇರಿದವು. ಆದ್ದರಿಂದ ಚಿಂತಾಕಿಯವರ ದಾರಿ ಬೀದರಿಗೆ. ಹೆಸರು, ತಂದೆಯ ಹೆಸರು, ಊರು, ಅಂದಾಜು ವರ್ಷ ಕೊಟ್ಟು, ಮೊದಲು ಕಡತವನ್ನಲ್ಲ, ಅರ್ಜಿಗಳ ರಿಜಿಸ್ಟರನ್ನು ಹುಡುಕಿಸಿ. ಹಳೆಯ ಕಡತಗಳನ್ನು ಕಾಲ ಕಳೆದ ಮೇಲೆ ನಾಶಮಾಡಲು ನಿಯಮವುಂಟು. ಕಡತ ಹೋಗಿದ್ದರೂ ರಿಜಿಸ್ಟರಿನ ಒಂದು ಸಾಲು ಉಳಿದಿರಬಹುದು. ಅಲ್ಲಿಂದ ಸಂಖ್ಯೆ, ತಾರೀಖು ಸಿಕ್ಕಿದರೆ ಗೆಜೆಟಿನಲ್ಲಿ ಹುಡುಕುವುದು ಸುಲಭ. ಸಂಸ್ಥಾನದ ಗೆಜೆಟಿನ ಹೆಸರು ಜರೀದಾ. ಆ ಕಾಲದ ಸರ್ಕಾರಿ ದಾಖಲೆಗಳ ದೊಡ್ಡ ಭಂಡಾರ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿದೆ. ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಲೇಸು. ಸಾರ್ವಜನಿಕ ದಾಖಲೆಯನ್ನು ನೋಡುವ ಹಕ್ಕುಳ್ಳವರಿಗೆ ಶುಲ್ಕ ತೆಗೆದುಕೊಂಡು ದೃಢೀಕೃತ ನಕಲು ಕೊಡಬೇಕೆಂಬುದು 1872ರ ಸಾಕ್ಷ್ಯ ಕಾಯಿದೆಯ ಮಾತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಮಾತು ಉಳಿದಿದೆ.

ಹೊಲದ ಸಲುವಾಗಿ ಹುಡುಕುವವರು ಇಷ್ಟಕ್ಕೆ ನಿಲ್ಲಬಾರದು. 1954-55ರ ಖಾಸ್ರಾ ಪಹಣಿ, ಆಮೇಲಿನ ಪಹಣಿಗಳು, ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಇವನ್ನು ದಿವಾಳಿಯ ತಾರೀಖಿನ ಪಕ್ಕದಲ್ಲಿಟ್ಟು ನೋಡಬೇಕು. ಮಾರಾಟವಾದ ಎರಡು ವರ್ಷಗಳ ಒಳಗೆ ಬಂದ ಅರ್ಜಿಯ ಮೇಲೆ ಮಾರಿದವನು ದಿವಾಳಿಯೆಂದು ತೀರ್ಮಾನವಾದರೆ, ಸರಿಯಾದ ಬೆಲೆಯಿಲ್ಲದೆ ಕಪಟದಿಂದ ನಡೆದ ಆ ವರ್ಗಾವಣೆಯನ್ನು 1920ರ ಕಾಯಿದೆಯಂತೆ ಅದಾಲತ್ತು ರದ್ದುಮಾಡಬಹುದು. ಬರಿಯ ಕ್ರಯಪತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಕಾಯಿದೆಗಳು ಈಚೆಗೂ ಬದಲಾಗಿವೆ. 1976ರ ಕರ್ನಾಟಕ ಋಣ ಪರಿಹಾರ ಕಾಯಿದೆ ಸಣ್ಣ ರೈತರು, ಭೂಮಿಯಿಲ್ಲದ ಕೂಲಿಕಾರರು, ದುರ್ಬಲ ವರ್ಗದವರ ಎಷ್ಟೋ ಸಾಲಗಳನ್ನು ದಿವಾಳಿಯ ಅರ್ಜಿಯಿಲ್ಲದೆಯೇ ತೊಡೆದುಹಾಕಿತು. 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ ಹೊಸ ವ್ಯವಸ್ಥೆ ತಂದಿತು. ವ್ಯಕ್ತಿಗಳ ಪೈಕಿ 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ.

ಈಗ ಮೊದಲು ಹೇಳಿದ ಮನೆಯವರ ಮಾತಿಗೆ ಬರೋಣ. ಹುಡುಕುವವರು ಮಾಡುವ ದೊಡ್ಡ ತಪ್ಪೆಂದರೆ ದಿವಾಳಿಯೆಂದು ಸಾರಿದ ಹಾಳೆ ಸಿಕ್ಕೊಡನೆ ಕಡತ ಮುಚ್ಚುವುದು. ಅದು ನಡುವಿನ ಹಾಳೆ. ದಿವಾಳಿಯಾದವನು ಆಮೇಲೆ ಬಿಡುಗಡೆಗೆ ಅರ್ಜಿ ಹಾಕಬೇಕು. ಅವನ ಆಸ್ತಿ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ಅವನ ಕೈಮೀರಿದ ಕಾರಣದಿಂದ ಆಯಿತೇ ಎಂದು ನ್ಯಾಯಾಧೀಶರು ನೋಡಬೇಕು. ದಿವಾಳಿಯಾದವನು ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗುವಂತಿರಲಿಲ್ಲ. ಆದರೆ ಇವನ ದಿವಾಳಿಗೆ ದುರದೃಷ್ಟವೇ ಕಾರಣ, ಇವನ ದುರ್ನಡತೆ ಏನೂ ಇಲ್ಲ ಎಂಬ ಸರ್ಟಿಫಿಕೇಟಿನೊಡನೆ ಬಿಡುಗಡೆ ದೊರೆತರೆ ಆ ಅಡ್ಡಿಯೂ ಹೋಗುತ್ತಿತ್ತು.

ಊರು ಮೊದಲ ಸುದ್ದಿಯನ್ನು ನೆನಪಿಟ್ಟುಕೊಂಡಿತು. ಕೊನೆಯ ಹಾಳೆಯನ್ನು ಯಾರೂ ಓದಲಿಲ್ಲ. ನಿಮ್ಮ ಮನೆತನದಲ್ಲಿಯೂ ಇಂಥ ಪಿಸುಮಾತೊಂದು ಉಳಿದುಬಂದಿದ್ದರೆ ಒಮ್ಮೆ ಬೀದರಿಗೆ ಹೋಗಿಬನ್ನಿ. ನಾಚಿಕೊಂಡು ಹೋಗಬೇಡಿ. ಅಜ್ಜನ ಸಾಲದ ಲೆಕ್ಕವಿರುವ ಕಡತದಲ್ಲಿಯೇ ಅಜ್ಜನ ಮಾನದ ಲೆಕ್ಕವೂ ಇದ್ದೀತು.